ಅಟ್ಟದ ಪೊಟ್ಟಣ, ದುರಗೇಶನ ರಕ್ತ

"ರಕ್ತ ಸುಳ್ಳು ಹೇಳತೈತೇನು?"

ಕೊಪ್ಪಳದ ದವಾಖಾನೆಯ ಬೆಂಚಿನ ಮೇಲೆ ಕುಳಿತ ಸುಕನ್ಯಾ ಎದುರಿನ ಗೋಡೆಯನ್ನು ನೋಡುತ್ತ ಕೇಳಿದಳು. ಪಕ್ಕದಲ್ಲಿ ಹತ್ತಿ ಮಡಚುತ್ತಿದ್ದ ನರ್ಸ್ ದಾವಲಬೀಯ ಕೈ ನಿಂತಿತು. ಡಾಕ್ಟರ್ ಸುಮಂಗಲಾ ಎಂಥೆಂಥ ಗಂಟು ಬಿಡಿಸಿದ್ದನ್ನೋ ಹತ್ತಿರದಿಂದ ಕಂಡವಳು ಆಕೆ; ಸುಕನ್ಯಾಳ ಕೈ ಹಿಡಿದು ಒಳಗೆ ಅವರ ಬಳಿ ಕರೆದೊಯ್ದಳು.

ಸುಕನ್ಯಾಳ ಗಂಡ ದುರಗೇಶ ಕಿನ್ನಾಳದಲ್ಲಿ ಗೊಂಬೆಗೆ ಬಣ್ಣ ಬಳಿಯುವವನು. ಕುಡಿತ ಬಿಟ್ಟು ವರ್ಷವಾಗಿತ್ತು. ಮತ್ತೆ ಮುಟ್ಟಿದರೆ ಮಗಳನ್ನು ಕರೆದೊಯ್ಯುವೆನೆಂದು ಅವಳ ತಂದೆ ಕುಷ್ಟಗಿಯ ಪಂಪಾಪತಿ ಆಣೆ ಇಟ್ಟಿದ್ದ. ನಿನ್ನೆ, ಬುಧವಾರ, ಸುಕನ್ಯಾಳ ಮನೆಯಲ್ಲೇ ಉಳಿದಿದ್ದ ಅವಳ ತಮ್ಮ ಯಂಕೇಶ ಕತ್ತಲ ಅಟ್ಟಕ್ಕೆ ಒಮ್ಮೆಗೇ ಕೈಚಾಚಿ ಖಾಲಿ ಬ್ರಾಂದಿ ಪೊಟ್ಟಣ ತೆಗೆದಿದ್ದ. ಆಮೇಲೆ ಭಾವನ ರಕ್ತವನ್ನೂ ಪರೀಕ್ಷೆ ಮಾಡಿಸಿದ್ದ.

"ಲಿವರಿನ ಲೆಕ್ಕ ಏರೈತ್ರಿ. ಎಸ್‌ಜಿಒಟಿ ಭಾಳ, ಎಸ್‌ಜಿಪಿಟಿ ಕಡಿಮಿ, ಹಿಂಗಿದ್ರ ಕುಡುಕನ ಲಿವರ್ ಅಂತ ತಮ್ಮ ಮೊಬೈಲಿನ್ಯಾಗ ತೋರಿಸ್ಯಾನ. ಸಂಜಿಕ ಅಪ್ಪ ಗಾಡಿ ತರ್ತಾನ."

"ಗಂಡ ಏನಂತಾನ?" ಡಾಕ್ಟರ್ ಕೇಳಿದರು.

"ಕುಡಿದಿಲ್ಲ ಅಂದ. ಸೋಮವಾರ ಹುಣ್ಣಿಮಿ ದಿನ ಎಲ್ಲಿ ಹೋಗಿದ್ದಿ ಅಂದ್ರ ಬಾಯಿಗೆ ಬೀಗ. ಧೋತ್ರ ಒದ್ದಿ ಮಾಡ್ಕೊಂಡು ಬಂದಿದ್ದ. ಮುಂದ ಎಲ್ಲಾ ಕೆಸರು, ಹಿಂದ ಒಂದು ಚುಕ್ಕಿ ಇಲ್ರಿ."

ಹೊರಗೆ ನಿಂತಿದ್ದ ದುರಗೇಶ ಗೋಡೆ ಹಿಡಿದು ಬಂದ. ಅಂಗಿಯ ತೋಳನ್ನು ದಾವಲಬೀಯೇ ಏರಿಸಬೇಕಾಯಿತು. ಮೊಣಕೈ, ಮೊಣಕಾಲುಗಳ ಚರ್ಮ ಸುಲಿದಿತ್ತು. ತೊಡೆ ಒತ್ತಿದರೆ ಹಲ್ಲು ಕಚ್ಚಿದ. ಕಣ್ಣಿನ ಬಿಳಿ ಮಾತ್ರ ಮಲ್ಲಿಗೆಯಂತೆ ಇತ್ತು.

"ಮೂತ್ರದ ಬಣ್ಣ?"

"ಹಾಲಿಲ್ಲದ ಚಾ ಇದ್ದಂಗ ಐತ್ರಿ."

ಡಾಕ್ಟರ್ ಕೂಡಲೇ ಸಲೈನ್ ಹಚ್ಚಿಸಿ, ಮತ್ತೆ ರಕ್ತ ತೆಗೆಸಿದರು. ನೋವಿನ ಗುಳಿಗೆ, ನಾಟಿ ಔಷಧ ಏನಾದರೂ ತಿಂದಿಯಾ ಎಂದರೆ ಇಲ್ಲವೆಂದ.

"ಬಣ್ಣದ ವಾಸನಿಯಿಂದ ಆಗಿರಬಹುದೇನ್ರಿ?" ದಾವಲಬೀ ಪಿಸುಗುಟ್ಟಿದಳು.

"ಹುಟ್ಟಿದಾಗಿಂದ ಬಣ್ಣದಾಗ ಅದಾನ. ಈ ವಾರನ ಯಾಕ?" ಎಂದ ಡಾಕ್ಟರ್ ಸುಕನ್ಯಾಳತ್ತ ತಿರುಗಿದರು. "ಆ ಅಟ್ಟ ಯಾವಾಗ ಝಾಡಿಸಿದ್ದಿ?"

"ಮಂಗಳವಾರ ಸಂಜಿಕರಿ. ಆವಾಗ ಏನೂ ಇರಲಿಲ್ಲ."

"ಮಂಗಳವಾರ ಇವನ ಮೈ ಹೆಂಗಿತ್ತು?"

"ಅಂಗಿ ನಾನ ತೊಡಿಸೀನ್ರಿ. ಕೈ ಭುಜದ ಮ್ಯಾಲ ಏಳ್ತಿರಲಿಲ್ಲ."

ಸಂಜೆ ಕಿನ್ನಾಳದ ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ಬಾಗಿಲಲ್ಲಿ ಗಾಡಿ, ಬೀದಿಯಲ್ಲಿ ಮಂದಿ. ಪಂಪಾಪತಿ ಕುಳಿತುಕೊಳ್ಳಲಿಲ್ಲ, ಮಗಳ ಚೀಲ ಅವನ ಕಾಲ ಬಳಿ ಇತ್ತು. ದಾವಲಬೀ ಮನಸ್ಸಿನಲ್ಲೇ ದುವಾ ಓದಿಕೊಂಡಳು.

"ರಿಪೋರ್ಟು ಎಲ್ಲಾರ ಮುಂದ ಓದಲೇನು?" ಡಾಕ್ಟರ್ ಕೇಳಿದರು. ದುರಗೇಶ ತಲೆಯಾಡಿಸಿದ.

"ಈ ಲೆಕ್ಕ ಏರಾಕ ಕುಡಿತ ಒಂದ ಕಾರಣ ಅಲ್ಲ. ಕಾಮಾಲಿ, ಲಿವರಿನ ಕೊಬ್ಬು, ಗುಳಿಗಿ, ಗಿಡಮೂಲಿಕಿ, ಎಲ್ಲಾ ಅದಾವ. ಆದ್ರ ಎಸ್‌ಜಿಒಟಿ ಲಿವರಿನ್ಯಾಗಷ್ಟ ಇರೂದಿಲ್ಲ, ಮೈಯ ಮಾಂಸಖಂಡದಾಗೂ ಐತಿ. ಖಂಡ ಹರಿದ್ರ ಅದೂ ರಕ್ತಕ್ಕ ಬರ್ತೈತಿ. ಅದಕ್ಕ ಇನ್ನೆರಡು ಪರೀಕ್ಷಿ ಮಾಡಿಸಿದೆ. ದಿನಾ ಕುಡಿಯೋರಿಗೆ ಸಾಮಾನ್ಯವಾಗಿ ಏರೋ ಜಿಜಿಟಿ ಇವಂಗ ನೆಟ್ಟಗೈತಿ. ಅದೊಂದರಿಂದ ಆಣಿ ಮಾಡಾಕ ಬರಂಗಿಲ್ಲ. ಆದ್ರ ಖಂಡದ ಲೆಕ್ಕ, ಸಿಪಿಕೆ, ಮುಗಿಲು ಮುಟ್ಟೈತಿ."

"ಕುಂತು ಗೊಂಬಿ ಬಳಿಯಾವಗ ಖಂಡ ಹೆಂಗ ಹರಿತಾವ್ರಿ?" ಯಂಕೇಶ ನಕ್ಕ.

"ಕುಂತಾವ ಒಮ್ಮಿಗೇ ಎದ್ದು ಬಿದ್ದು, ಎದ್ದು ಬಿದ್ದು ಹೋದ್ರ ಹರಿತಾವ. ಒದ್ದಿ ಧೋತ್ರ, ಮುಂದಷ್ಟ ಕೆಸರು, ಸುಲಿದ ಮೊಣಕೈ, ಮೊಣಕಾಲು, ಹುಣ್ಣಿಮಿ. ಕುಡಿದು ಬಿದ್ದಾವ ಒಂದು ಮಗ್ಗಲಾದ್ರೂ ಹೊರಳತಾನ. ಇವ ಹುಲಿಗಿ ಅಮ್ಮನ ಗುಡಿಗೆ ದೀಡ ನಮಸ್ಕಾರ ಹಾಕ್ಯಾನ, ಹೊಳ್ಯಾಗ ಮಿಂದು, ದೂರದಿಂದ, ಉದ್ದಕ ಬೀಳ್ತ ಏಳ್ತ, ನೆಲಕ್ಕ ಮೈ ಅಳಿತ."

ದಾವಲಬೀಗೆ ಈಗ ಹೊಳೆಯಿತು. ಹರಕೆಯ ಹುಣ್ಣಿಮೆಗಳೆಲ್ಲ ಮುಗಿಯುವ ತನಕ ಅದರ ಬಗ್ಗೆ ಬಾಯಿ ಬಿಡಬಾರದು. ಅದಕ್ಕೇ ಈ ಮೌನ!

"ತಲಿ ಎತ್ತು, ದುರಗೇಶ. ನೀ ಹೇಳಿಲ್ಲ, ನಾ ಹೇಳೀನಿ. ನಿನ್ನ ಹರಕಿ ಮುರೀಲಿಲ್ಲ."

"ಹಂಗಾದ್ರ ಪೊಟ್ಟಣ?" ಪಂಪಾಪತಿಯ ದನಿ ಒಡೆದಿತ್ತು.

"ಮಂಗಳವಾರ ಸಂಜಿಕ ಅಟ್ಟ ಬರಿದಿತ್ತು, ಬುಧವಾರ ಪೊಟ್ಟಣ ಬಂತು. ಅಷ್ಟರಾಗ ಇವನ ಕೈ ಅಂಗಿ ತೋಳಿಗೂ ಏಳ್ತಿರಲಿಲ್ಲ. ನೀವು ಕುಷ್ಟಗ್ಯಾಗ ಇದ್ರಿ. ಸುಕನ್ಯಾ ತಾನ ಇಟ್ಟು ತನ್ನ ಸಂಸಾರ ಒಡಕೋತಾಳೇನು? ಯಂಕೇಶಪ್ಪ, ಆ ಕತ್ತಲ ಅಟ್ಟದಾಗ ನೀ ತಡಕಾಡಲಾರದ ಪೊಟ್ಟಣ ಹೆಂಗ ತಗದಿ?"

ಯಂಕೇಶನ ಮುಖ ಬೂದಿಯಾಯಿತು. "ನಾ ಕುಡದದ್ದು… ಅಕ್ಕ ಅಟ್ಟ ಝಾಡಿಸಾಕ ಹತ್ತಿದ್ಲು, ಇನ್ನ ಹಾಸಿಗ್ಯಾಗ ಮುಚ್ಚಿಟ್ಟ ಪೊಟ್ಟಣ ಸಿಗ್ತೈತಿ ಅಂತ ಹೆದರಿ, ಮರುದಿನ ಅಟ್ಟದಾಗ ಇಟ್ಟು ಭಾವನ ಮ್ಯಾಲ ಹಾಕಿದೆ. ತಪ್ಪಾತು ಭಾವ!"

ಪಂಪಾಪತಿ ಬೀದಿಯತ್ತ ನೋಡಿದ. ಇಣುಕುತ್ತಿದ್ದ ಮುಖಗಳನ್ನು ನೋಡಿದ. ನಂತರ ಚೀಲ ಎತ್ತಿ ಮಗಳ ಮುಂದೆ ಹಿಡಿದ.

"ಇಷ್ಟು ಮಂದಿ ಮುಂದ ಗಾಡಿ ತಂದೀನವ್ವ. ಬರಿ ಗಾಡಿ ಹೋದ್ರ ಮಗನ ಸುದ್ದಿ ಕುಷ್ಟಗಿ ತುಂಬ ಆಗ್ತೈತಿ. ನಾಕು ದಿನದ ಮಟ್ಟಿಗೆ ಬಾ. ಆಮ್ಯಾಲ ನಾನ ತಂದು ಬಿಡ್ತೀನಿ. ನನ್ನ ಮಾನ ಉಳಿಸು."

ಸುಕನ್ಯಾ ಚೀಲ ಇಸಿದುಕೊಂಡಳು. ಒಳಗಿನಿಂದ ಗಂಡನ ಒಣಗಿದ ಧೋತ್ರ ತಂದು ಅವನ ಹೆಗಲಿಗೆ ಹೊದಿಸಿ, ಚೀಲವನ್ನು ಅಟ್ಟಕ್ಕೆ ಎಸೆದಳು.

"ಬರಂಗಿಲ್ಲಪ್ಪ."