ನಾಲ್ಕು ನಟ್ಟು

ನಂಬುವವರು ನಂಬಲಿ, ಬಿಡುವವರು ಬಿಡಲಿ. ಉಗರಗೋಳದ ಅಂಗಡಿಗಳಿಗೆ ದೇವಿಯ ಭಂಡಾರದ ಅರಿಶಿನಪುಡಿ ಚೀಲ ಇಳಿಸಿ, ಖಾಲಿ ಗಾಡಿಯಲ್ಲಿ ಒಬ್ಬಳೇ ಮುನವಳ್ಳಿಗೆ ಬರುತ್ತಿದ್ದೆ. ನವಿಲುತೀರ್ಥದ ಕಾಲುವೆ ಹತ್ತಿರ ಹಿಂದಿನ ಗಾಲಿ ಪಂಚರ್ ಆಯಿತು. ಏಪ್ರಿಲ್‌ನ ನಡುಮಧ್ಯಾಹ್ನ, ಜಾಕು ಮುಟ್ಟಿದರೆ ಕೈ ಚುರ್ರೆನ್ನುತ್ತಿತ್ತು.

ನಾಲ್ಕು ನಟ್ಟು ಬಿಚ್ಚಿ, ಸ್ಟೆಪ್ನಿ ಏರಿಸಿ, ತಲೆ ಎತ್ತದೆ ಕೈಯನ್ನು ಹಿಂದಕ್ಕೆ ಚಾಚಿ, "ನಟ್ ಕೊಡೋ" ಎಂದೆ. ತಮ್ಮ ಅರ್ಜುನನ ಜೊತೆ ಹತ್ತು ವರ್ಷ ಗಾಡಿ ಓಡಿಸಿದ ರೂಢಿ. ಅವನು ಈಗ ಕಿತ್ತೂರಿನಲ್ಲಿ ಸ್ವಂತ ಗಾಡಿ ಹೊಡೆಯುತ್ತಾನೆಂದು ನೆನಪಾಗುವಷ್ಟರಲ್ಲಿ ಅಂಗೈಗೆ ನಟ್ಟು ಬಿತ್ತು. ಬಾವಿಯಿಂದ ಎತ್ತಿದಂತೆ ತಣ್ಣಗಿತ್ತು.

ತಿರುಗಿ ನೋಡಿದೆ. ರಸ್ತೆಯ ಎರಡೂ ಕಡೆ ಒಂದು ನರಪಿಳ್ಳೆಯೂ ಇಲ್ಲ. ಮೈ ಜುಮ್ಮೆಂದಿತು, ಹಿಂದೆಯೇ ಸಿಟ್ಟು ಬಂತು. ನನ್ನ ಗಾಡಿ ಬಿಟ್ಟು ನಾನೇಕೆ ಓಡಲಿ?

"ಯಾರರೆ ಇರು, ನಾ ಓಡಿ ಹೋಗಾಕಿ ಅಲ್ಲ. ಒಂದು ಕೊಟ್ಟಿ, ಉಳಿದ ಮೂರೂ ಕೊಡು!" ಎಂದು ಮತ್ತೆ ಕೈ ಚಾಚಿದೆ.

ಒಂದೊಂದಾಗಿ ಮೂರೂ ಬಿದ್ದವು. ಪಾನಾ ಹಾಕಿ ಬಿಗಿದೆ. ಎದ್ದು ನಿಂತಾಗ, ಸೀರೆಯ ಮೇಲೆ ತೊಟ್ಟಿದ್ದ ಅಂಗಿಯ ಜೇಬು ಝಣ್ ಎಂದಿತು. ಬಿಚ್ಚುವಾಗ ನಾನೇ ಹಾಕಿಕೊಂಡಿದ್ದ ನಾಲ್ಕು ನಟ್ಟು ಅಲ್ಲೇ ಇದ್ದವು, ಬಿಸಿಲಿಗೆ ಕಾದು.

ಮುನವಳ್ಳಿಯ ಪಂಚರ್ ಅಂಗಡಿಯ ಲಕ್ಕಪ್ಪ ಎಲ್ಲ ಕೇಳಿ, "ಭಾಗೀರಥಕ್ಕಾ, ಅವನ್ನ ಬಿಚ್ಚಿ ಕಾಲುವಿಗೆ ಒಗೀರಿ" ಅಂದ.

"ಯಾಕ ಒಗೀಲಿ? ಕೇಳಿ ಇಸ್ಕೊಂಡೇನಿ, ಕದ್ದಿಲ್ಲ."

ಎರಡು ವರ್ಷವಾಯಿತು. ಅದೇ ರಸ್ತೆ, ಅದೇ ಗಾಡಿ. ಎಂಥ ಬಿಸಿಲಲ್ಲಿ ಓಡಿಸಿ ಬಂದರೂ ಆ ನಾಲ್ಕು ನಟ್ಟು ಇವತ್ತಿಗೂ ತಣ್ಣಗೇ ಇವೆ.