ಹೊಸ್ತಿಲಾಚೆಯ ಕೆಂಡ

"ಇವತ್ತು ಹೇಳ್ತೀಯಾ ತಾನೆ?" ಉತ್ತರಹಳ್ಳಿಯ ರಘುವಿನ ಮನೆಯ ಗೇಟಿನ ಮುಂದೆ ನಿಂತು ಮೈತ್ರಿ ಮತ್ತೊಮ್ಮೆ ಕೇಳಿದಳು.

"ಹೇಳ್ತೀನಿ ಕಣೇ... ಇವಳನ್ನೇ ಮದುವೆ ಆಗೋದು ಅಂತ ಹೇಳ್ತೀನಿ!" ಎಂದ ರಘು. ಮಾತಿನಲ್ಲಿ ಧೈರ್ಯವಿತ್ತು, ಹಣೆಯಲ್ಲಿ ಬೆವರಿತ್ತು.

ಒಳಗೆ, ಅವನನ್ನು ಸಾಕಿ ಬೆಳೆಸಿದ ಅಣ್ಣಮ್ಮಜ್ಜಿ ಮೈತ್ರಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಚಕ್ಕುಲಿ ಕೊಟ್ಟರು. ಹಳೆಯ ಕಾಲದ ಬದುಕೆಂದರೆ ಮೈತ್ರಿಗೆ ತೀರದ ಕುತೂಹಲ. ಅಜ್ಜಿಯರು ಸಿಕ್ಕರೆ ಕೇಳದೆ ಬಿಡುವವಳಲ್ಲ.

"ಬೆಂಕಿಪೊಟ್ಟಣ ಇಲ್ದಾಗ ಒಲೆ ಹೆಂಗೆ ಹಚ್ತಿದ್ರಿ ಅಜ್ಜಿ?"

"ಅಯ್ಯೋ, ಯಾರ ಮನೇಲಿ ಹೊಗೆ ಏಳ್ತದೋ ನೋಡ್ಕೊಂಡು ಓಡೋದು! ಬೆರಣಿ ಮೇಲೆ ಒಂದು ಕೆಂಡ ಇಸ್ಕೊಂಡ್ ಬರೋದು. ನಮ್ಮನೆ ಒಲೆ ಆರ್ತಾನೇ ಇರ್ಲಿಲ್ಲ. ಊರೋರೆಲ್ಲ ಇಲ್ಗೇ ಬರೋರು."

"ಎಲ್ರಿಗೂ ಕೊಡ್ತಿದ್ರಾ?"

"ಕೊಡ್ತಿದ್ವವ್ವ. ಕೇರಿಯೋರು ಮಾತ್ರ ಹೊಸ್ತಿಲಾಚೆ ಬೆರಣಿ ಹಿಡ್ಕೊಂಡು ನಿಲ್ಲೋರು. ನಾವು ಮೇಲಿಂದ ಕೆಂಡ ಉದುರಿಸ್ತಿದ್ವಿ. ಮುಟ್ಟಂಗಿರ್ಲಿಲ್ವಲ್ಲ!" ಅಜ್ಜಿ ನಕ್ಕರು.

ಮೈತ್ರಿಯ ಕೈಯಲ್ಲಿ ಚಕ್ಕುಲಿ ಹಾಗೇ ಉಳಿಯಿತು.

"ನಮ್ಮಜ್ಜಿನೂ ಹಂಗೇ ನಿಂತಿದ್ರಂತೆ ಅಜ್ಜಿ, ವಸಂತಪುರದಲ್ಲಿ. ಕೆಂಡ ಬೆರಣಿ ತಪ್ಪಿ ಕೈಮೇಲೆ ಬಿದ್ದಿತ್ತಂತೆ... ಕಲೆ ಇನ್ನೂ ಇದೆ."

ಅಜ್ಜಿಯ ನಗು ನಿಂತಿತು. ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿದರು.

"ರಘೂ... ಯಾರೋ ಈ ಹುಡುಗಿ?"

ಈಗ ಹೇಳು... ಈಗಲೇ ಹೇಳು! ಮೈತ್ರಿಯ ಜೀವವೆಲ್ಲ ಅವನ ಬಾಯಲ್ಲಿತ್ತು.

"ಅದು... ಆಫೀಸ್ ಫ್ರೆಂಡ್, ಅಜ್ಜಿ."

ಅವಳು ಎದ್ದಳು. "ಬರ್ತೀನಿ ಅಜ್ಜಿ" ಎಂದಷ್ಟೇ ಹೇಳಿ, ರಘುವಿನ ಕಡೆ ತಿರುಗಿಯೂ ನೋಡದೆ ಹೊರನಡೆದಳು.

ಫ್ರೆಂಡ್ ಅಂತೆ! ಮೂರು ವರ್ಷದ ಪ್ರೀತಿ ಒಂದೇ ಮಾತಿಗೆ ಮುಗಿದುಹೋಯಿತೇ? ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟಳು...

"ಮೈತ್ರೀ!"

ರಘು ಬರಿಗಾಲಲ್ಲಿ ಓಡಿ ಬರುತ್ತಿದ್ದ.

"ಹತ್ತಮ್ಮಾ, ಇಲ್ಲಾ ಇಳಿಯಮ್ಮಾ!" ಕಂಡಕ್ಟರ್ ರೇಗಿದ. ಅವಳು ಇಳಿದಳು.

"ಏನು ಫ್ರೆಂಡ್, ಇಲ್ಲಿಗಂಟ ಬಂದ್ರಿ?"

"ಬಯ್ಯಿ, ಹೊಡಿ... ಹೆದರಿಬಿಟ್ಟೆ ಕಣೇ, ತಪ್ಪು ನಂದೇ. ಈಗ ಹೇಳ್ಬಿಟ್ಟೆ. ಎಲ್ಲಾ ಹೇಳ್ಬಿಟ್ಟೆ!"

"ನನ್ನೆದುರಿಗೆ ಬಾಯಿ ಬರ್ಲಿಲ್ವಲ್ಲೋ!" ಅವಳು ಮುಖ ತಿರುಗಿಸಿದಳು. "...ಅಜ್ಜಿ ಏನಂದ್ರು?"

"ಬಾಗಿಲು ಹಾಕ್ಕೊಂಡ್ರು."

"ಮತ್ತೆ ನೀನು?"

"ನಾನು ಬಾಗಿಲಿಂದ ಈಚೆ ಇದ್ದೀನಲ್ಲ."

ಮೈತ್ರಿ ಅವನ ಧೂಳು ಮೆತ್ತಿದ ಪಾದಗಳನ್ನೇ ನೋಡುತ್ತಾ ನಿಂತಳು. ಆಮೇಲೆ ಕಣ್ಣೊರೆಸಿಕೊಂಡಳು.

"ನಡಿ, ತಿಲಕ್ ನಗರಕ್ಕೆ. ನಮ್ಮನೆಗೆ."

"ಈ ಅವತಾರದಲ್ಲಾ? ನಿಮ್ಮಮ್ಮ ಯಾರಿವನು ಅಂದ್ರೆ?"

"ಕೇಳಲ್ಲ ಬಾ. ನಾನು ಯಾವತ್ತೋ ಹೇಳಿದೀನಿ... ನಿನ್ನ ಹಂಗಲ್ಲ!"

"ಏನಂತ ಹೇಳಿದೀಯ?"

ಅವಳು ಅವನ ಕೈ ಹಿಡಿದುಕೊಂಡಳು.

"ನನ್ನೋನು ಅಂತ."