ಕಳುವಾದ ಪರೀಕ್ಷೆ

"ಈ ಕೋಡ್ ಈಗಾಗಲೇ ಬಳಕೆಯಾಗಿದೆ."

ರದೊಸ್ತಿನಾ ಮತ್ತೊಮ್ಮೆ ಟೈಪ್ ಮಾಡಿದಳು. ಅದೇ ಉತ್ತರ! ಚಳಿಗಾಲವಿಡೀ ನಿದ್ದೆಗೆಟ್ಟು ಓದಿದ್ದು ನೀರಲ್ಲಿ ಹೋಮವಾಯಿತೇ?

ಪ್ಲೊವ್‌ದಿವ್ ನಗರದ, ಅವಳು ಕೆಲಸ ಮಾಡುತ್ತಿದ್ದ ಸಣ್ಣ ಐಟಿ ಕಂಪನಿ ವರ್ಷಕ್ಕೆ ಒಬ್ಬರಿಗೆ ಮಾತ್ರ ಸರ್ಟಿಫಿಕೇಟ್ ಪರೀಕ್ಷೆಯ ವೋಚರ್, ಅಂದರೆ ಶುಲ್ಕ ಕಟ್ಟಿದ ಕೋಡ್, ಕೊಡುತ್ತಿತ್ತು. ಈ ಸಲ ಸರದಿ ಅವಳದು. ಕ್ಲೌಡ್ ಪರೀಕ್ಷೆ ಪಾಸಾದರೆ, ಪಾಸ್‌ವರ್ಡ್ ಮರೆತವರ ಗೋಳು ಕೇಳುವ ಹೆಲ್ಪ್‌ಡೆಸ್ಕಿನಿಂದ ಬಿಡುಗಡೆ. ಏಪ್ರಿಲ್‌ನಲ್ಲಿ ಕ್ಲೌಡ್ ತಂಡದಲ್ಲಿ ಜಾಗ. ಇಲ್ಲದಿದ್ದರೆ ಆ ಜಾಗ ಹೊರಗಿನವರ ಪಾಲು.

ಪರೀಕ್ಷೆ ನಡೆಸುವವರಿಗೆ ಫೋನ್ ಮಾಡಿದಳು. ಭಾನುವಾರ ಯಾರೋ ಮನೆಯಿಂದಲೇ, ಕ್ಯಾಮೆರಾ ಮುಂದೆ ಕೂತು ಆ ಕೋಡ್‌ನಲ್ಲಿ ಪರೀಕ್ಷೆ ಬರೆದಿದ್ದಾರಂತೆ. ಹೆಸರು ಹೇಳುವಂತಿಲ್ಲವಂತೆ.

ಟೆಸ್ಟರ್ ದೊಬ್ರಿ ಕೈ ಉಜ್ಜಿಕೊಂಡು ಎದ್ದ. ಕಂಡವರ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದೇ ಅವನ ಕಸುಬು.

"ಕೋಡ್ ಯಾರ್ಯಾರಿಗೆ ಗೊತ್ತಿತ್ತು?"

"ಈ ರೂಮಲ್ಲಿರೋ ಎಲ್ರಿಗೂ, ದೊಬ್ರಣ್ಣ. ಮಾಲಿನಾ ಮೇಡಂ ಆಫೀಸ್ ಗ್ರೂಪಲ್ಲೇ ಹಾಕಿದ್ರಲ್ಲ!"

ದೊಬ್ರಿ ಪಕ್ಕದ ಟೇಬಲ್ಲುಗಳತ್ತ ತಿರುಗಿದ. "ಮಿಲ್ಕೊ, ನೀನೇನಾ?"

"ನಾನಾ? ಕ್ಲೌಡ್ ಯಾವನಿಗೆ ಬೇಕು? ಸೈಬರ್ ಸೆಕ್ಯುರಿಟಿ ಪರೀಕ್ಷೆ ತಗೋ ಅಂತ ಇವಳ ಹತ್ರ ಬಡ್ಕೊಂಡೆ!"

"ಓಗ್ನ್ಯಾನ್?"

"ನೆಟ್‌ವರ್ಕ್ ಕಲೀದೆ ಕ್ಲೌಡಂತೆ! ಅಡಿಪಾಯ ಇಲ್ದೆ ಮಾಳಿಗೆ ಕಟ್ಟೋ ಪೈಕಿ ನಾನಲ್ಲ."

ಮ್ಯಾನೇಜರ್ ಮಾಲಿನಾ ಅಂಗಿಯ ತೋಳನ್ನು ಮೇಲಕ್ಕೆ ಮಡಚಿಕೊಂಡು, ಕೈ ಬೀಸುತ್ತಾ ಬಂದರು. "ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ತಗೋ ಅಂದೆ, ಕೇಳಿದ್ಯಾ? ಒಂದು ಸರ್ಟಿಫಿಕೇಟೂ ಇಲ್ದೆ ನಾನು ಮ್ಯಾನೇಜರ್ ಆಗಿಲ್ವಾ?"

ಯಾರನ್ನು ನಂಬುವುದು? ರದೊಸ್ತಿನಾಳಿಗೆ ಅಳುವೇ ಬಂತು.

"ಅಳ್ಬೇಡ. ಪರೀಕ್ಷೆಗೆ ಏನೇನು ರೂಲ್ಸು ಹೇಳು," ಎಂದ ದೊಬ್ರಿ.

"ಟೇಬಲ್ ಖಾಲಿ ಇರ್ಬೇಕು. ರೂಮಲ್ಲಿ ಇನ್ಯಾರೂ ಇರ್ಬಾರ್ದು. ಕೈ ಮೇಲೆ ವಾಚು, ದಾರ ಏನೂ ಇರ್ಬಾರ್ದು. ವಸಂತದ ಮೊದಲ ಕೊಕ್ಕರೆ ಕಾಣೋ ಮುಂಚೇನೇ ಮಾರ್ತೆನಿತ್ಸ ದಾರ ಬಿಚ್ಬೇಕಲ್ಲಾ ಅಂತ ನಂಗೂ ಸಂಕಟ ಆಗಿತ್ತು..."

ದೊಬ್ರಿ ಗಹಗಹಿಸಿ ನಕ್ಕ. "ಎಲ್ರೂ ಕೈ ತೋರ್ಸಿ!"

ಮಿಲ್ಕೊನ ಮಣಿಕಟ್ಟಿನಲ್ಲಿ ಕೆಂಪು-ಬಿಳಿ ದಾರದ ಮಾರ್ತೆನಿತ್ಸ; ಮಾರ್ಚ್ ಒಂದಕ್ಕೆ ಕಟ್ಟಿದರೆ ಕೊಕ್ಕರೆ ಕಾಣುವ ತನಕ ಅದನ್ನು ಬಿಚ್ಚುವ ರೂಢಿಯಿಲ್ಲ. ಓಗ್ನ್ಯಾನನ ಕೈಯಲ್ಲಿ ಮೂರು. ಮಾಲಿನಾರ ಕೈ ಮಾತ್ರ ಮೆಲ್ಲಗೆ ಜೇಬಿಗಿಳಿಯಿತು.

"ಮಾರ್ಚ್ ಒಂದಕ್ಕೆ ನಮಗೆಲ್ಲಾ ಕಟ್ಟಿದ್ದೇ ನೀವು, ಮೇಡಂ. ನಿಮ್ದೆಲ್ಲಿ?"

"ಅದಾ? ಕೊಕ್ಕರೆ ನೋಡ್ದೆ, ಬಿಚ್ದೆ."

"ಯಾವಾಗ?"

"ಭಾನುವಾರ."

"ಭಾನುವಾರ ಇಡೀ ದಿನ ಹಿಮ ಬಿತ್ತು! ಹೋದ ವರ್ಷ ಕೊಕ್ಕರೆ ಕಂಡಾಗ ಮೀಟಿಂಗ್ ನಿಲ್ಸಿ ಎಲ್ರನ್ನೂ ಕಿಟಕಿಗೆ ಎಳ್ಕೊಂಡು ಹೋದ್ರಿ. ಈ ಸಲ ಒಬ್ರಿಗೂ ಹೇಳ್ಲಿಲ್ವಾ? ದಾರ ಬಿಚ್ಸಿದ್ದು ಕೊಕ್ಕರೆ ಅಲ್ಲ, ಪರೀಕ್ಷೆ. ಅಲ್ವಾ ಮೇಡಂ?"

ಮಾಲಿನಾರ ಮುಖ ಕೆಂಪಾಯಿತು. "ವರ್ಷಗಟ್ಲೆ ಎಲ್ರಿಗೂ ಅದು ತಗೋ, ಇದು ತಗೋ ಅಂತ ಉಪದೇಶ ಮಾಡ್ದೆ. ನನ್ ಕೈಲಾಗತ್ತಾ ನೋಡೋಣ ಅನ್ನಿಸ್ತು. ಪಾಸಾಗಿದ್ರೆ ಇವಳಿಗೆ ಬೇರೆ ವೋಚರ್ ಕೊಡ್ಸಿ, ಎಲ್ರಿಗೂ ಚಾಕೊಲೇಟ್ ಹಂಚೋಣ ಅಂತಿದ್ದೆ."

"ಪಾಸಾಗ್ಲಿಲ್ವಾ?"

"ಡುಮ್ಕಿ! ನಾಚಿಕೆಗೆ ಹೇಳೋಕೆ ಬಾಯೇ ಬರ್ಲಿಲ್ಲ."

ಕೋಣೆಯೆಲ್ಲ ನಗು. ಮಾಲಿನಾ ಅಲ್ಲೇ ತಮ್ಮ ಸ್ವಂತ ಕಾರ್ಡ್ ತೆಗೆದು ಹೊಸ ವೋಚರ್ ಕೊಂಡರು. ಗುರುವಾರಕ್ಕೆ ರದೊಸ್ತಿನಾಳ ಪರೀಕ್ಷೆ ನಿಗದಿಯಾಯಿತು. ಅವಳಿಗೆ ಸಿಟ್ಟು ಇನ್ನೂ ಇತ್ತು; ಆದರೆ ಈ ವಯಸ್ಸಿನಲ್ಲಿ ಒಬ್ಬರೇ ಕೂತು ಪರೀಕ್ಷೆ ಬರೆದ ಹೆಂಗಸನ್ನು ಕಂಡು ಪ್ರೀತಿಯೂ ಉಕ್ಕಿತು.

"ನಿಮಗೂ ಒಂದು ತಗೊಳ್ಳಿ ಮೇಡಂ. ನಾನು ಹೇಳ್ಕೊಡ್ತೀನಿ."

"ಬೈಯಲ್ಲ ತಾನೇ?"

"ಓದ್ಕೊಂಡು ಬಂದ್ರೆ ಬೈಯಲ್ಲ."